ಹಡಗಿಂದ ಹನ್ನೊಂದು ನಿಮಿಷ

ನಮ್ ತಮ್ಮ, ಮನೇಲಿ ಪುಟ್ಟ ಅಂತ ಕರೀತೀವಿ, ಕ್ರೂಸ್ ಹಡಗಲ್ಲಿ ಅಡುಗೆ ಕೆಲ್ಸ ಮಾಡ್ತಾನೆ. ತುಮಕೂರಲ್ಲಿ ಪಿಯುಸಿ ಮುಗ್ಸಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದ್ತೀನಿ ಅಂತ ಬೆಂಗ್ಳೂರಿಗೆ ಹೋದೋನು ಅಲ್ಲಿಂದ ಸೀದಾ ಸಮುದ್ರಕ್ಕೆ ಹೋಗ್ಬಿಟ್ಟ. ಒಂದ್ಸಲ ಹತ್ತಿದ್ರೆ ಎಂಟು ಒಂಬತ್ತು ತಿಂಗ್ಳು ಆಚೆ, ಮಧ್ಯೆ ಒಂದೂವರೆ ಎರಡು ತಿಂಗ್ಳು ಮನೆ. ಎರಡು ಯುಗಾದಿ ಅವ್ನಿಲ್ದೆ ಹೋಯ್ತು. ಎರಡನೇ ಯುಗಾದಿ ದಿನ ಅಮ್ಮ ಒಬ್ಬಟ್ಟು ತಟ್ತಾ ತಟ್ತಾ "ಅವ್ನು ಬರಲ್ಲ ಅಂದ್ರೆ ನಾವೇ ಹೋಗಿ ನೋಡ್ಕೊಂಡ್ ಬರೋಕಾಗಲ್ವಾ" ಅಂದ್ಲು, ಅಪ್ಪ ಪೇಪರ್ ಕೆಳಗಿಟ್ಟು "ಯಾಕಾಗಲ್ಲ" ಅಂದ್ರು. ಅಷ್ಟೇ. ಮುಂದಿನ ವರ್ಷ ಏಪ್ರಿಲ್‌ನಲ್ಲಿ ನನ್ನ ಕಾಲೇಜಿಗೆ ರಜ ಬಂದಾಗ ಹೋಗೋದು ಅಂತ ತೀರ್ಮಾನ ಆಯ್ತು. ಆ ಕಾಂಟ್ರಾಕ್ಟ್‌ನಲ್ಲಿ ಅವ್ನ ಹಡಗು ಪ್ರತಿ ಶನಿವಾರ ಇಟಲಿಯ ಜೆನೋವಾ ಅನ್ನೋ ಬಂದರಿಗೆ ಬರ್ತಿತ್ತು.

ಆದ್ರೆ ಹಡಗು ಬಂತು ಅಂದ್ರೆ ಅವ್ನಿಗೆ ರಜ ಅಂತ ಅಲ್ಲ. ಬೆಳಗ್ಗೆ ಎಂಟಕ್ಕೆ ಕಟ್ತಾರೆ, ಸಂಜೆ ಆರಕ್ಕೆ ಬಿಡ್ತಾರೆ, ಅಷ್ಟರಲ್ಲಿ ಸಾವಿರಾರು ಜನ ಇಳೀತಾರೆ ಮತ್ತೆ ಸಾವಿರಾರು ಜನ ಹತ್ತುತಾರೆ, ತರಕಾರಿ ಹಾಲು ಹಿಟ್ಟು ಎಲ್ಲಾ ಆವತ್ತೇ ತುಂಬ್ಕೋಬೇಕು. ಮಧ್ಯಾಹ್ನದ ಅಡುಗೆ ಮುಗ್ಸಿ ಒಂದೂವರೆಗೆ ಆಚೆ ಬರ್ತೀನಿ ಅಕ್ಕ, ನಾಲ್ಕೂವರೆ ಒಳಗೆ ವಾಪಸ್ ಇರ್ಬೇಕು, ಅದ್ರ ಮೇಲೆ ಒಂದ್ ನಿಮಿಷ ಇಲ್ಲ ಅಂತ ಹೇಳಿದ. ಮೂರು ಗಂಟೆ. ನಾವಿರೋದು ಎರಡು ಶನಿವಾರ, ಒಟ್ಟು ಆರು ಗಂಟೆ. ಏಳು ಸಾವಿರ ಕಿಲೋಮೀಟರ್ ಆಚೆಯಿಂದ ಆರು ಗಂಟೆಗೋಸ್ಕರ ಹೋಗ್ತಿದೀವಿ. ಹಾಗಾಗಿ ಎಲ್ಲಿ ಉಳ್ಕೊಳೋದು ಅನ್ನೋದು ನಮಗೆ ಬರೀ ದುಡ್ಡಿನ ಪ್ರಶ್ನೆ ಆಗಿರ್ಲಿಲ್ಲ, ಆ ಆರು ಗಂಟೇಲಿ ಎಷ್ಟು ದಾರೀಲಿ ಹೋಗುತ್ತೆ ಎಷ್ಟು ಅಮ್ಮನ ಕೈಗೆ ಸಿಗುತ್ತೆ ಅನ್ನೋ ಪ್ರಶ್ನೆ.

ಅಪ್ಪ ಕೆಎಸ್ಸಾರ್ಟಿಸೀಲಿ ಡ್ರೈವರಾಗಿ ರಿಟೈರ್ ಆದೋರು. ಮೂವತ್ತು ವರ್ಷ ನೈಟ್ ಹಾಲ್ಟ್ ಮಾಡಿ ಮಾಡಿ ಅವ್ರಿಗೆ ಉಳ್ಕೊಳೋ ಜಾಗದ ಬಗ್ಗೆ ಒಂದು ಲೆಕ್ಕ ಇದೆ. ಯಾವ ಊರಿಗೆ ಹೋದ್ರೂ ಬಸ್ ಸ್ಟ್ಯಾಂಡಿಂದ ನಡ್ಕೊಂಡ್ ಹೋಗೋ ಅಷ್ಟು ದೂರದಲ್ಲೇ ಲಾಡ್ಜ್ ಮಾಡ್ಬೇಕು. ಅಡ್ವಾನ್ಸ್ ಕೊಡೋಕೆ ಮುಂಚೆ ರೂಮಿಗೆ ಹೋಗಿ ನಲ್ಲಿ ತಿರುಗಿಸ್ಬೇಕು, ಹಾಸಿಗೆ ಮೇಲೆ ಒಂದ್ ನಿಮಿಷ ಕೂತ್ಕೋಬೇಕು, ಕಿಟಕಿ ತೆಗ್ದು ಏನ್ ಸದ್ದು ಬರುತ್ತೆ ಅಂತ ಕೇಳ್ಬೇಕು. ನಾನು ಫೋನಲ್ಲಿ ಫೋಟೋ ತೋರ್ಸಿದ್ರೆ "ಫೋಟೋದಲ್ಲಿ ಸದ್ದು ಕೇಳ್ಸುತ್ತೇನಮ್ಮ" ಅಂತಿದ್ರು. ಅಮ್ಮಂಗೆ ಹೋಟ್ಲು ಅಂದ್ರೆ ಇಡ್ಲಿ ಸಿಗೋ ಜಾಗ, ಉಳ್ಕೊಳೋದಾದ್ರೆ ಅದು ಲಾಡ್ಜು, ಇಲ್ಲಾ ಧರ್ಮಸ್ಥಳದ ವಸತಿಗೃಹದ ಥರದ್ದು. ಅವಳು ಕೇಳಿದ್ದು ಒಂದೇ: ಅಲ್ಲಿ ಒಲೆ ಇರುತ್ತಾ?

ಮೊದ್ಲು ಒಂದ್ ವಿಷಯ ಹೇಳ್ಬಿಡ್ತೀನಿ, ಹಡಗಿನ ಲೆಕ್ಕದಲ್ಲಿ ಇಟಲಿಗೆ ಹೋಗೋರಿಗೆ ಇದು ಬೇಕು. ಹಡಗಿನ ಟಿಕೆಟ್ ಮೇಲೋ ಪಟ್ಟಿ ಮೇಲೋ ದೊಡ್ಡ ಊರಿನ ಹೆಸ್ರು ಇರುತ್ತೆ, ಆದ್ರೆ ಹಡಗು ನಿಲ್ಲೋದು ಇನ್ನೆಲ್ಲೋ. ರೋಮ್ ಅಂತಿದ್ರೆ ಅದು ಚಿವಿತಾವೆಕ್ಕಿಯಾ, ರೋಮಿಂದ ಎಪ್ಪತ್ತು ಕಿಲೋಮೀಟರ್ ಮೇಲಾಗುತ್ತೆ. ಫ್ಲಾರೆನ್ಸ್ ಅಂತಿದ್ರೆ ಅದು ಲಿವೋರ್ನೋ. ಜೆನೋವಾ ಕಡೆಗೆ ಬರೋ ಕೆಲವು ಹಡಗು ಪಶ್ಚಿಮಕ್ಕಿರೋ ಸವೋನಾದಲ್ಲಿ ನಿಲ್ತಾವೆ, ಅದು ಬೇರೆ ಊರೇ, ಹೆಚ್ಚುಕಮ್ಮಿ ತುಮಕೂರಿಂದ ನೆಲಮಂಗಲಕ್ಕೆ ಹೋದಷ್ಟು ದೂರ. ಜೆನೋವಾ ಒಳಗೇ ಎರಡು ಕಡೆ ಇದೆ, ಕ್ರೂಸ್ ಹಡಗು ನಿಲ್ಲೋದು ಸ್ತಾತ್ಸಿಯೋನೆ ಮರೀತ್ತಿಮಾ ಅನ್ನೋ ಹಳೇ ಕಟ್ಟಡದ ಹತ್ರ, ಸಾರ್ಡಿನಿಯಾ ಸಿಸಿಲಿ ಟ್ಯುನಿಸ್‌ಗೆ ಹೋಗೋ ಫೆರಿಗಳ ಟರ್ಮಿನಲ್ ಇನ್ನೂ ಪಶ್ಚಿಮಕ್ಕೆ, ದಿನೆಗ್ರೋ ಮೆಟ್ರೋ ಸ್ಟೇಷನ್ ಹತ್ರ. ಬುಕಿಂಗ್ ಸೈಟಲ್ಲಿ "ಪೋರ್ಟ್ ಹತ್ರ" ಅಂತ ಬರ್ದಿದ್ರೆ ಯಾವ ಪೋರ್ಟು ಅಂತ ಕೇಳ್ಲೇಬೇಕು, ಯಾಕಂದ್ರೆ ಪೋರ್ತೋ ಆಂತಿಕೋ ಅಂತ ಮೂರನೇದು ಇದೆ, ಹಳೇ ಬಂದರು, ಅಲ್ಲಿ ಈಗ ಅಕ್ವೇರಿಯಂ ಇದೆ. ಕೊಲಂಬಸ್ ಹೊರಟು 500 ವರ್ಷ ಆಯ್ತು ಅಂತ 1992ರಲ್ಲಿ ಎಕ್ಸ್‌ಪೋ ಮಾಡಿದಾಗ ರೆನ್ಸೋ ಪಿಯಾನೋ ಅನ್ನೋ ಅದೇ ಊರಿನ ಆರ್ಕಿಟೆಕ್ಟ್ ಆ ಜಾಗಾನ ಹೊಸದಾಗಿ ಕಟ್ಟಿದ್ದು. ಚೆನ್ನಾಗಿದೆ, ಆದ್ರೆ ನಮ್ ಪುಟ್ಟ ಇಳಿಯೋ ಜಾಗ ಅದಲ್ಲ.

ಇಷ್ಟೆಲ್ಲಾ ತಿಳ್ಕೊಂಡೂ ನಾನು ತಪ್ಪು ಮಾಡ್ದೆ. ವೀಸಾಗೆ ಅರ್ಜಿ ಹಾಕೋವಾಗ ಎಲ್ಲಾ ರಾತ್ರಿಗೂ ರೂಮ್ ಬುಕಿಂಗ್ ತೋರಿಸ್ಬೇಕು, ಜೊತೆಗೆ 30,000 ಯೂರೋ ಕವರ್ ಇರೋ ಇನ್ಶೂರೆನ್ಸು, ಬ್ಯಾಂಕ್ ಸ್ಟೇಟ್‌ಮೆಂಟು, ಅದೂ ಇದೂ. ಎಲ್ಲರೂ ಕ್ಯಾನ್ಸಲ್ ಮಾಡಬಹುದಾದ ಬುಕಿಂಗೇ ಮಾಡ್ತಾರೆ, ನಾನೂ ಹತ್ತು ರಾತ್ರಿಗೆ ಹಂಗೇ ಮಾಡಿದ್ದೆ. ವೀಸಾ ಬಂದ ಮೇಲೆ ಒಂದು ಗೆಸ್ಟ್ ಹೌಸ್ ಕಣ್ಣಿಗೆ ಬಿತ್ತು. ಕಿಟಕಿ ತುಂಬಾ ಬಂದರು, ದೀಪಸ್ತಂಭ, ಹಡಗುಗಳು. ರೇಟು ಕಮ್ಮಿ, ಆದ್ರೆ ದುಡ್ಡು ವಾಪಸ್ ಇಲ್ಲ. "ಪಿಯಾತ್ಸಾ ಪ್ರಿಂಚಿಪೆ ರೈಲ್ವೇ ಸ್ಟೇಷನ್‌ಗೆ 400 ಮೀಟರ್" ಅಂತ ಬರ್ದಿತ್ತು, ಆ ಸ್ಟೇಷನ್ನೇ ಹಡಗಿಗೆ ಹತ್ರ, ಮ್ಯಾಪಲ್ಲಿ ನೋಡಿದ್ರೂ ಬೆರಳಗಲ ದೂರ. ಹಳೇದೆಲ್ಲಾ ಕ್ಯಾನ್ಸಲ್ ಮಾಡಿ ಹತ್ತೂ ರಾತ್ರಿಗೆ ಅಲ್ಲೇ ಮಾಡೋಕೆ ಹೊರಟಿದ್ದೆ, ಅಪ್ಪ "ಮೂರು ರಾತ್ರಿಗೆ ಮಾಡು ಸಾಕು, ನೋಡ್ಕೊಂಡು ಮುಂದುವರ್ಸಣ" ಅಂದ್ರು. ಆ ಮಾತಿಗೆ ನಾನು ಇವತ್ತಿಗೂ ಋಣಿ.

ಜೆನೋವಾದಲ್ಲಿ ಮ್ಯಾಪ್ ಹೇಳೋ ದೂರ ಕಾಲಿಗೆ ಅನ್ವಯ ಆಗಲ್ಲ. ಊರು ಇರೋದೇ ಬೆಟ್ಟದ ಇಳಿಜಾರಲ್ಲಿ, ಸಮುದ್ರಕ್ಕೂ ಬೆಟ್ಟಕ್ಕೂ ಮಧ್ಯೆ ಸಮತಟ್ಟು ಜಾಗ ಅನ್ನೋದು ಒಂದು ಸಣ್ಣ ಪಟ್ಟಿ. ಮನೆಗಳು ಒಂದ್ರ ತಲೆ ಮೇಲೆ ಒಂದು. ಎಷ್ಟೋ ರಸ್ತೆ ಅನ್ನೋದು ರಸ್ತೆನೇ ಅಲ್ಲ, ಮೆಟ್ಲು. ಇದಕ್ಕೆ ನಾನು ಕಲ್ತಿದ್ದು ಏನಂದ್ರೆ ಹೋಟ್ಲಿನ ಹೆಸ್ರು ಬಿಟ್ಟು ಮೊದ್ಲು ವಿಳಾಸ ಓದ್ಬೇಕು. ವಿಳಾಸ "ಸಲೀತಾ" ಅಂತ ಶುರುವಾದ್ರೆ ಅದು ಏರು, ಆ ಪದದ ಅರ್ಥನೇ ಏರೋದು. "ಸ್ಕಾಲಿನಾತಾ" ಅಂದ್ರೆ ಮೆಟ್ಟಿಲು. "ವೀಕೋ" ಅಂದ್ರೆ ಸಂದಿ, ಇಬ್ರು ಎದುರುಬದ್ರು ಬಂದ್ರೆ ಒಬ್ರು ಪಕ್ಕಕ್ಕೆ ಸರೀಬೇಕು, ಕಾರ್ ಬರಲ್ಲ, ಟ್ಯಾಕ್ಸಿಯೋನು ಎಲ್ಲೋ ದೂರ ಇಳ್ಸಿ ಹೋಗ್ತಾನೆ. "ವಿಯಾ" ಅಂದ್ರೆ ಮಾಮೂಲಿ ರಸ್ತೆ. ಮಂಡಿ ನೋವಿರೋರು ಜೊತೇಲಿದ್ರೆ ಈ ನಾಲ್ಕು ಪದ ಗೊತ್ತಿದ್ರೂ ಸಾಕು. ಇನ್ನೊಂದು, ಅಲ್ಲಿ ಒಂದೇ ಬೀದೀಲಿ ಎರಡು ಥರದ ನಂಬರ್ ಇರುತ್ತೆ, ಮನೆಗಳಿಗೆ ಕಪ್ಪು ನಂಬರ್, ಅಂಗಡಿಗಳಿಗೆ ಕೆಂಪು ನಂಬರ್. ಕಪ್ಪು 12 ಒಂದ್ ಕಡೆ, ಕೆಂಪು 12 ಇನ್ನೆಲ್ಲೋ. ಕೆಂಪಿದ್ರೆ ಬರೆಯೋವಾಗ ನಂಬರ್ ಪಕ್ಕ ಆರ್ ಅಕ್ಷರ ಹಾಕ್ತಾರೆ. ಇದು ಗೊತ್ತಿಲ್ದೆ ನಾವು ಸೂಟ್‌ಕೇಸ್ ಎಳ್ಕೊಂಡು ಒಂದೇ ಬೀದೀನ ಮೂರ್ ಸಲ ಸುತ್ತಿದ್ವಿ, ಕೊನೆಗೆ ಒಬ್ಬ ಹಣ್ಣಿನ ಅಂಗಡಿಯಮ್ಮ ಆಚೆ ಬಂದು ಕೈ ಹಿಡ್ದು ಬಾಗ್ಲ ತೋರಿಸಿದ್ಲು.

ನಾವು ತಲುಪಿದ್ದು ಏಪ್ರಿಲ್ 16ರ ಗುರುವಾರ ಸಾಯಂಕಾಲ. ಮಿಲಾನಿಂದ ಜೆನೋವಾಗೆ ರೈಲಲ್ಲಿ ಸುಮಾರು ಒಂದೂವರೆ ಎರಡು ಗಂಟೆ. ಗೆಸ್ಟ್ ಹೌಸ್‌ಗೆ ಸ್ಟೇಷನ್ ಹತ್ರದ ವಿಯಾ ಬಾಲ್ಬಿ ಇಂದ ಒಂದು ಪಬ್ಲಿಕ್ ಲಿಫ್ಟ್ ಇದೆ. ಅದನ್ನ ಹೇಳ್ಲೇಬೇಕು. ಅಪ್ಪ ಅಂಥದ್ದು ಜನ್ಮದಲ್ಲಿ ನೋಡಿಲ್ಲ ಅಂದ್ರು. ಗಾಜಿನ ಡಬ್ಬಿ ಥರ ಇರುತ್ತೆ, ಒಳಗೆ ಹೋಗಿ ನಿಂತ್ರೆ ಮೊದ್ಲು ರೈಲಿನ ಥರ ಹಳಿ ಮೇಲೆ ಬೆಟ್ಟದ ಹೊಟ್ಟೆ ಒಳಗೆ 230 ಮೀಟರ್ ಅಡ್ಡಡ್ಡ ಹೋಗುತ್ತೆ, ಆಮೇಲೆ ಅದೇ ಡಬ್ಬಿ ಒಂದು ಕಡೆ ನಿಂತು, ಸರ್ಕೊಂಡು, 70 ಮೀಟರ್ ನೆಟ್ಟಗೆ ಮೇಲಕ್ಕೆ ಏರುತ್ತೆ. ಇಳಿದ ಮೇಲೆ ಕ್ಯಾಪ್ಟನ್ ಡಾಲ್ಬೆರ್ತೀಸ್ ಅನ್ನೋ ನಾವಿಕ ಕಟ್ಟಿಸಿದ ಕೋಟೆಯಂಥ ಮನೆ, ಈಗ ಮ್ಯೂಸಿಯಂ. ಅಪ್ಪ ಆಮೇಲೆ ದಿನಾ ಒಂದ್ಸಲ ಬರೀ ಆ ಲಿಫ್ಟಲ್ಲಿ ಕೂರೋಕೆ ಹೋಗಿ ಬರ್ತಿದ್ರು. ಅದು ಅಷ್ಟು ಚೆನ್ನಾಗಿದೆ, ಆದ್ರೆ ಲಿಫ್ಟ್ ಇಳಿದ ಮೇಲೂ ನಮ್ ಗೆಸ್ಟ್ ಹೌಸ್‌ಗೆ ಅರವತ್ತು ಚಿಲ್ಲರೆ ಮೆಟ್ಲಿತ್ತು. ಕಟ್ಟಡದಲ್ಲಿ ಲಿಫ್ಟ್ ಇದೆ ಅಂತ ಬರ್ದಿದ್ರಲ್ಲ, ಇತ್ತು, ಆದ್ರೆ ಅದು ಶುರುವಾಗೋದೇ ಹದಿನಾಲ್ಕು ಮೆಟ್ಲು ಹತ್ತಿದ ಮೇಲೆ. ಹಳೇ ಕಟ್ಟಡಕ್ಕೆ ಆಮೇಲೆ ಕೂರಿಸಿದ ಲಿಫ್ಟು, ಇಬ್ರು ನಿಂತ್ರೆ ತುಂಬ್ತು, ಸೂಟ್‌ಕೇಸ್ ಬೇರೆ ಟ್ರಿಪ್ಪು.

ರೂಮ್ ಫೋಟೋದಲ್ಲಿ ಇದ್ದ ಹಂಗೇ ಇತ್ತು, ಅದ್ರಲ್ಲಿ ಸುಳ್ಳಿಲ್ಲ. ಕತ್ತಲಾಗೋವಷ್ಟರಲ್ಲಿ ಎಂಟೂವರೆ ಆಗಿತ್ತು, ಬಂದರಿನ ದೀಪ ಒಂದೊಂದೇ ಹತ್ಕೊಂಡ್ವು, ಲಾಂತೆರ್ನಾ ಅನ್ನೋ ದೀಪಸ್ತಂಭ ತಿರುಗೋಕೆ ಶುರುವಾಯ್ತು. 77 ಮೀಟರ್ ಎತ್ತರ, ಈಗಿರೋದನ್ನ ಕಟ್ಟಿದ್ದು 1543ರಲ್ಲಿ. ಅಮ್ಮ ಶಾಲು ಹೊದ್ಕೊಂಡು ಕಿಟಕಿ ಹತ್ರ ನಿಂತು "ಅದ್ರಲ್ಲಿ ಪುಟ್ಟಂದು ಯಾವ್ದೇ" ಅಂತ ಕೇಳಿದ್ಲು. ಇನ್ನೂ ಬಂದಿಲ್ಲಮ್ಮ, ಶನಿವಾರ ಬರೋದು ಅಂದೆ. ಆದ್ರೂ ನೋಡ್ತಾನೇ ಇದ್ಲು. ರಾತ್ರಿ ಚಳಿ. ಜೆನೋವಾ ಕಡೆ ಕಟ್ಟಡಗಳ ಹೀಟಿಂಗನ್ನ ಕಾನೂನಿನ ಪ್ರಕಾರ ನವೆಂಬರ್ 1ಕ್ಕೆ ಹಾಕ್ತಾರೆ, ಏಪ್ರಿಲ್ 15ಕ್ಕೆ ನಿಲ್ಲಿಸ್ತಾರೆ. ನಾವು ಹೋಗಿದ್ದು 16ಕ್ಕೆ. ಆ ಹೊತ್ತಲ್ಲಿ ಹೋಗೋರು ಇನ್ನೊಂದು ಕಂಬಳಿ ಕೊಡ್ತೀರಾ, ಏಸಿ ಬಿಸಿ ಗಾಳಿನೂ ಕೊಡುತ್ತಾ ಅಂತ ಮೊದ್ಲೇ ಕೇಳಿಟ್ಕೊಳಿ.

ಶುಕ್ರವಾರ ಬೆಳಗ್ಗೆ ಅಪ್ಪ "ನಾಳೆ ಅವ್ನು ಬರೋ ದಾರೀನ ಇವತ್ತೇ ಒಂದ್ಸಲ ನಡೀಬೇಕು" ಅಂದ್ರು. ಹೊಸ ರೂಟಿಗೆ ಹಾಕಿದ್ರೆ ಅವ್ರು ಯಾವಾಗ್ಲೂ ಹಂಗೇ, ಮೊದ್ಲು ಖಾಲಿ ಬಸ್ಸಲ್ಲಿ ಒಂದ್ ರೌಂಡು. ಮರೀತ್ತಿಮಾ ಕಟ್ಟಡದ ಗೇಟ್ ಹತ್ರ ಹೋಗಿ ನಿಂತು ವಾಚ್ ನೋಡಿ, ನಡೀರಿ ಅಂದ್ರು. ಗೇಟಿಂದ ಸ್ಟೇಷನ್‌ವರ್ಗೂ ಏರು, ಅದು ಪರ್ವಾಗಿಲ್ಲ. ಅಲ್ಲಿಂದ ಬಾಲ್ಬಿ ರಸ್ತೆ, ಲಿಫ್ಟಿಗೆ ಕಾಯೋದು, ಲಿಫ್ಟು, ಆಮೇಲೆ ಮೆಟ್ಲು. ಆ ಮೆಟ್ಲಲ್ಲಿ ಅಮ್ಮ ಮೂರು ಕಡೆ ಕೂತ್ಲು. ಮೂರನೇ ಸಲ ಕೂತಾಗ ಒಂದ್ ಕೈ ಗೋಡೆ ಮೇಲಿತ್ತು, ಇನ್ನೊಂದ್ ಕೈ ಮಂಡಿ ಮೇಲೆ, ಸೀರೆ ಅಂಚು ಮೆಟ್ಟಿಲ ಧೂಳಲ್ಲಿ, ಮುಖ ಕೆಂಪಗಾಗಿತ್ತು, ಆದ್ರೂ "ನಂಗೇನಾಗಿಲ್ಲ, ನಡೀರಿ ನೀವು" ಅಂತಿದ್ಲು. ಸಿದ್ಧಗಂಗೆ ಬೆಟ್ಟ ಹತ್ತೋದನ್ನ ಬಿಟ್ಟು ಆರು ವರ್ಷ ಆಗಿದೆ ಅವಳಿಗೆ. ಮನೆ ಬಾಗ್ಲಿಗೆ ಬಂದಾಗ ಅಪ್ಪ ವಾಚ್ ತೋರಿಸಿದ್ರು, ಮೂವತ್ತೆಂಟು ನಿಮಿಷ. ಅಮ್ಮನ್ನ ಮೇಲೇ ಬಿಟ್ಟು ಪುಟ್ಟ ಒಬ್ನೇ ಓಡ್ಕೊಂಡ್ ಬಂದ್ರೂ ಹೋಗ್ತಾ ಬರ್ತಾ ಒಂದ್ ಗಂಟೆ ದಾರೀಲೇ. ಗೇಟ್ ಹತ್ರ ಹೋಗಿ ಕರ್ಕೊಂಡ್ ಬರ್ಬೇಕು ಅಂತ ಅಮ್ಮನ ಆಸೆ ಬೇರೆ ಇತ್ತು.

ಅಪ್ಪ ನನ್ನ ಬಯ್ಯಲಿಲ್ಲ. ಟೀ ಕುಡ್ದು "ಬಾ, ಕೆಳಗೆ ಹೋಗಿ ರೂಮ್ ನೋಡ್ಕೊಂಡ್ ಬರಣ" ಅಂದ್ರು. ಫೋನಲ್ಲಿ ಬೇಡ, ಕಣ್ಣಲ್ಲಿ ನೋಡಣ ಅಂತ. ಸ್ಟೇಷನ್ನಿಗೂ ಹಡಗಿಗೂ ಮಧ್ಯೆ ಇರೋ ರಸ್ತೆಗಳಲ್ಲಿ ಮಧ್ಯಾಹ್ನವೆಲ್ಲಾ ತಿರುಗಿದ್ವಿ. ಮೊದಲನೇದು ವಿಯಾ ಗ್ರಾಮ್ಷಿ ಕಡೆ, ಬಂದರಿನ ಎದುರಿಗೇ. ಸೀ ವ್ಯೂ ಅಂತ ಇಪ್ಪತ್ತು ಯೂರೋ ಜಾಸ್ತಿ. ಅಪ್ಪ ಕಿಟಕಿ ತೆಗೆದ್ರು, ಎದುರಿಗೆ ಸೊಪ್ರಾಎಲೆವಾತಾ, 1965ರಲ್ಲಿ ಬಂದರಿನ ಉದ್ದಕ್ಕೂ ಕಟ್ಟಿದ ಫ್ಲೈಓವರ್ರು, ಹೆಚ್ಚುಕಮ್ಮಿ ಕಿಟಕಿ ಮಟ್ಟಕ್ಕೇ ಗಾಡಿಗಳು ಹೋಗ್ತಿವೆ. ಸಮುದ್ರ ಕಾಣುತ್ತೆ, ಅದ್ರ ಸಂದೀಲಿ. ಬಿ.ಎಚ್. ರಸ್ತೇಲಿ ಮಲಗಿದ ಹಂಗಾಗುತ್ತೆ ಅಂತ ಅಪ್ಪ ಕಿಟಕಿ ಮುಚ್ಚಿದ್ರು. ಎರಡನೇದು ವಿಯಾ ಪ್ರೇ ಅನ್ನೋ ಹಳೇ ಓಣೀಲಿ. ಆ ಓಣಿಗಳಿಗೆ ಅಲ್ಲಿ ಕರೂಜಿ ಅಂತಾರೆ, ಹಗಲಲ್ಲಿ ನೋಡೋಕೆ ಅಷ್ಟು ಚೆಂದ, ಮೇಲೆ ಆರೇಳು ಅಂತಸ್ತಿನ ಮನೆಗಳ ಮಧ್ಯೆ ಒಂದು ಗೀಟು ಆಕಾಶ, ಆದ್ರೆ ರೂಮಲ್ಲಿ ಮಧ್ಯಾಹ್ನ ಮೂರಕ್ಕೇ ಲೈಟ್ ಹಾಕ್ಬೇಕಿತ್ತು, ರಾತ್ರಿ ಆ ಬೀದೀಲಿ ಅಮ್ಮನ್ನ ಕರ್ಕೊಂಡ್ ಓಡಾಡೋಕೆ ನಂಗೆ ಮನಸ್ಸು ಬರ್ಲಿಲ್ಲ. ಮೂರನೇದು ಸ್ಟೇಷನ್ ಎದುರಿನ ದೊಡ್ಡ ಹೋಟ್ಲು, ಎಲ್ಲಾ ಸರಿ, 25ನೇ ತಾರೀಖಿನ ರೇಟ್ ಕೇಳಿದ್ರೆ ಡಬಲ್. ಯಾಕಂದ್ರೆ ಏಪ್ರಿಲ್ 25 ಅವ್ರ ವಿಮೋಚನಾ ದಿನ, ಇಡೀ ದೇಶಕ್ಕೆ ರಜ, ಮಿಲಾನ್ ಟುರಿನ್ ಕಡೆ ಜನ ಎಲ್ಲಾ ಸಮುದ್ರಕ್ಕೆ ಬರ್ತಾರೆ. ನಮ್ ಎರಡನೇ ಶನಿವಾರ ಅವತ್ತೇ.

ಮಧ್ಯೆ ಬಾಲ್ಬಿ ರಸ್ತೇಲಿ ಒಂದು ಅರಮನೆ ಮುಂದೆ ದಣಿವಾರಿಸ್ಕೊಳೋಕೆ ನಿಂತಾಗ ಅಲ್ಲಿದ್ದ ಬೋರ್ಡ್ ಓದಿ ಅಪ್ಪಂಗೆ ಹೇಳಿದೆ. ಜೆನೋವಾ ಆಗ ಒಂದು ಗಣರಾಜ್ಯ, ರಾಜ ಇಲ್ಲ, ಹಾಗಾಗಿ ರಾಜನ ಅರಮನೆನೂ ಇಲ್ಲ. ಆಚೆಯಿಂದ ದೊಡ್ಡೋರು ಬಂದ್ರೆ ಎಲ್ಲಿ ಇಳಿಸೋದು? 1576ರಲ್ಲಿ ಸೆನೆಟ್ ಒಂದು ಆದೇಶ ಮಾಡ್ತು, ಊರಿನ ಸಾಹುಕಾರ್ರ ಮನೆಗಳದ್ದೆಲ್ಲಾ ಪಟ್ಟಿ, ಆ ಪಟ್ಟಿಗೆ ರೋಲ್ಲಿ ಅಂತ ಹೆಸ್ರು. ಮನೆ ಎಷ್ಟು ದೊಡ್ಡದು ಎಷ್ಟು ಚೆಂದ ಅಂತ ದರ್ಜೆ ಮಾಡಿದ್ರು, ಮೇಲಿನ ದರ್ಜೆ ಮನೇಲಿ ಕಾರ್ಡಿನಲ್ಲು, ರಾಜಕುಮಾರ್ರು, ಕೆಳಗಿನ ದರ್ಜೇಲಿ ಗವರ್ನರು ರಾಯಭಾರಿಗಳು. ಅತಿಥಿ ಬಂದಾಗ ಚೀಟಿ ಎತ್ತೋದು, ಯಾರ ಹೆಸ್ರು ಬಂತೋ ಆ ಮನೆಯೋರು ಉಳಿಸ್ಕೊಳ್ಬೇಕು. ಅಂಥ ಮನೆಗಳಲ್ಲಿ 42 ಈಗ ಯುನೆಸ್ಕೋ ಪಟ್ಟೀಲಿವೆ, 2006ರಿಂದ. ಅಪ್ಪ ಆ ಬಾಗಿಲನ್ನ ಮೇಲಿಂದ ಕೆಳಗೆ ನೋಡಿ "ಅವಾಗ್ಲೇ ಸ್ಟಾರ್ ಹಾಕಿದಾರಲ್ಲಮ್ಮ" ಅಂದ್ರು. ನಂಗೂ ಅದು ಬಹಳ ಇಷ್ಟ ಆಯ್ತು, ಬಂದೋರನ್ನ ಎಲ್ಲಿ ಇಳಿಸ್ಬೇಕು ಅಂತ ಒಂದು ಊರು ಅಷ್ಟು ತಲೆ ಕೆಡಿಸ್ಕೊಂಡಿದ್ದು.

ನಾಲ್ಕನೇದು ಸಿಕ್ತು. ಇಟಲೀಲಿ "ಅಲ್ಬೆರ್ಗೋ" ಅಂದ್ರೆ ಮಾಮೂಲಿ ಹೋಟ್ಲು, "ಅಫಿತ್ತಾಕಾಮೆರೆ" ಅಂದ್ರೆ ಮನೇಲಿ ಬಾಡಿಗೆಗೆ ಕೊಡೋ ರೂಮುಗಳು, "ರೆಸಿಡೆನ್ಸ್" ಅಂದ್ರೆ ಅಡುಗೆ ಮಾಡ್ಕೊಳೋಕೆ ವ್ಯವಸ್ಥೆ ಇರೋದು. ರೂಮಿನ ವಿವರದಲ್ಲಿ "ಆಂಗೋಲೋ ಕೊತ್ತೂರಾ" ಅಂತಿದ್ರೆ ಒಂದ್ ಮೂಲೇಲಿ ಒಲೆ ಸಿಂಕು ಫ್ರಿಜ್ಜು ಇದೆ ಅಂತ. ಅದು ಅಂಥ ರೆಸಿಡೆನ್ಸು, ಹಡಗಿನ ಕಡೆ ಇಳಿಯೋ ರಸ್ತೇಲಿ, ಮೊದಲನೇ ಮಹಡಿ, ಹಿಂದಿನ ಅಂಗಳದ ಕಡೆ ಕಿಟಕಿ. ಸಮುದ್ರ ಒಂಚೂರೂ ಕಾಣಲ್ಲ. ಅಪ್ಪ ನಲ್ಲಿ ತಿರುಗಿಸಿದ್ರು, ಹಾಸಿಗೆ ಮೇಲೆ ಕೂತ್ರು, ಕಿಟಕಿ ತೆಗೆದು ಕಣ್ಣು ಮುಚ್ಕೊಂಡು ಕೇಳಿಸ್ಕೊಂಡ್ರು. ಎಲ್ಲೋ ಯಾರೋ ತಟ್ಟೆ ತೊಳೀತಿದ್ದ ಸದ್ದು, ಅಷ್ಟೇ. ರಿಸೆಪ್ಷನ್ ಹುಡ್ಗ ಇವ್ರು ಏನ್ ಮಾಡ್ತಿದಾರೆ ಅಂತ ನೋಡ್ತಿದ್ದ, ಆಮೇಲೆ ಅವ್ನೂ ಸುಮ್ನೆ ನಿಂತು ಕೇಳಿಸ್ಕೊಂಡ. ಅಲ್ಲಿಂದ ಹಡಗಿನ ಗೇಟಿಗೆ ಅಪ್ಪ ನಡೆದು ನೋಡಿದ್ರು. ಗೇಟಿಂದ ರೂಮಿಗೆ, ಅಮ್ಮನ ನಡಿಗೆ ಲೆಕ್ಕ ಹಾಕ್ಕೊಂಡು ನಿಧಾನಕ್ಕೆ, ಹನ್ನೊಂದು ನಿಮಿಷ. ಒಂದೂ ಮೆಟ್ಟಿಲಿಲ್ಲ.

ಮೇಲಿನ ಗೆಸ್ಟ್ ಹೌಸಲ್ಲಿ ಮೂರನೇ ರಾತ್ರಿ ದುಡ್ಡು ಹೋಯ್ತು, ಅವ್ರು ವಾಪಸ್ ಕೊಡ್ಲಿಲ್ಲ, ಬರ್ದಿದ್ದೇ ಹಂಗೆ. 400 ಮೀಟರ್ ಅಂತ ಹಾಕೋರು ಜೊತೇಲಿ ಮೆಟ್ಟಿಲೆಷ್ಟು ಅಂತನೂ ಹಾಕ್ಬೇಕು ಅಂತ ನಾನು ಅವ್ರಿಗೆ ಮೇಲ್ ಬರ್ದೆ, ಕೋಪದಲ್ಲಲ್ಲ, ಇನ್ನೊಬ್ರ ಅಮ್ಮ ಆ ಮೆಟ್ಲಲ್ಲಿ ಕೂರಬಾರ್ದು ಅಂತ.

ಚಿಕ್ಕಪುಟ್ಟ ವಿಷಯ ಬೇಗ ಹೇಳ್ಬಿಡ್ತೀನಿ. ಎಲ್ಲಿ ಉಳಿದ್ರೂ ಪಾಸ್‌ಪೋರ್ಟ್ ಇಸ್ಕೊಳ್ತಾರೆ, ಗಾಬರಿ ಬೇಡ, ಬಂದೋರ ವಿವರ 24 ಗಂಟೆ ಒಳಗೆ ಪೊಲೀಸ್‌ಗೆ ಕಳಿಸ್ಬೇಕು ಅಂತ ಅಲ್ಲಿ ಕಾನೂನು. ಬುಕಿಂಗ್ ದುಡ್ಡಿನ ಮೇಲೆ ಊರಿನ ತೆರಿಗೆ ಬೇರೆ, ತಲೆಗೆ ಇಷ್ಟು ರಾತ್ರಿಗೆ ಇಷ್ಟು ಅಂತ, ಅಲ್ಲೇ ಕಟ್ಟೋದು, ಕ್ಯಾಶ್ ಇಟ್ಕೊಂಡಿರಿ. 2025ರಿಂದ ಬಾಡಿಗೆ ಮನೆಗಳ ಜಾಹೀರಾತಲ್ಲಿ ಸಿಐಎನ್ ಅನ್ನೋ ಸರ್ಕಾರಿ ನೋಂದಣಿ ಕೋಡ್ ಇರ್ಲೇಬೇಕು, ಇಲ್ದಿದ್ರೆ ಆ ಜಾಗ ಬಿಡಿ. ಬಾತ್‌ರೂಮಲ್ಲಿ ಕಮೋಡ್ ಪಕ್ಕ ತೊಳ್ಕೊಳೋಕೆ ಅಂತ ನಲ್ಲಿ ಇರೋ ಇನ್ನೊಂದು ಬೇಸಿನ್ ಇರುತ್ತೆ, ಬಿಡೆ ಅಂತಾರೆ, ನಮ್ ಕಡೆಯೋರಿಗೆ ಅದು ದೊಡ್ಡ ಅನುಕೂಲ, ನೀರಿಗೆ ಬಾಟ್ಲಿ ಹುಡುಕೋ ಕಷ್ಟ ಇಲ್ಲ. ನಮ್ ಮೂರು ಪಿನ್ನಿನ ಪ್ಲಗ್ ಹೋಗಲ್ಲ, ಅದಕ್ಕೆ ಅಡಾಪ್ಟರ್ ಬೇಕು. ತುಪ್ಪ ತಗೊಂಡ್ ಹೋಗಂಗಿಲ್ಲ, ಆಚೆಯಿಂದ ಹಾಲಿನ ಪದಾರ್ಥ ಮಾಂಸ ತರೋದು ಅಲ್ಲಿ ನಿಷೇಧ. ಒಲೆ ಇಂಡಕ್ಷನ್ ಆಗಿತ್ತು, ಅಮ್ಮ ಮನೆಯಿಂದ ತಂದಿದ್ದ ಅಲ್ಯೂಮಿನಿಯಂ ಪಾತ್ರೆ ಅದ್ರ ಮೇಲೆ ಕಾಯ್ಲೇ ಇಲ್ಲ, ಅಲ್ಲಿದ್ದ ಸ್ಟೀಲ್ ಪಾತ್ರೇಲೇ ಮಾಡ್ಕೊಂಡ್ಲು.

ಶನಿವಾರ ಅಪ್ಪ ಬೆಳಗ್ಗೆ ಆರಕ್ಕೇ ಮರೀನ್‌ಟ್ರಾಫಿಕ್ ಆ್ಯಪ್ ಹಿಡ್ಕೊಂಡು ಕೂತ್ರು. ಹಡಗು ಒಂದು ಬಾಣದ ಗುರುತಾಗಿ ಸಮುದ್ರದ ಮೇಲೆ ಸರೀತಾ ಬರ್ತಿತ್ತು. ಅಮ್ಮ ಹುರುಳಿಕಾಳು ರಾತ್ರಿನೇ ನೆನೆಹಾಕಿದ್ಲು, ರಾಗಿ ಹಿಟ್ಟು ಮನೆಯಿಂದ್ಲೇ ಎರಡು ಕೆಜಿ. ಮುದ್ದೆ ಕೋಲು ಇಲ್ಲ ಅಂತ ಅಲ್ಲಿದ್ದ ಮರದ ಸೌಟಿನ ಹಿಡಿ ಕಡೆಯಿಂದ ತಿರುವಿದ್ಲು. ಒಂದು ಮೂವತ್ತೈದಕ್ಕೆ ಗೇಟಲ್ಲಿ ಅವ್ನು ಕಂಡ, ಕುತ್ತಿಗೇಲಿ ಕ್ರೂ ಕಾರ್ಡು, ಬಿಳಿ ಶೂಗೆ ಎಣ್ಣೆ ಕಲೆ, ತೆಳ್ಳಗಾಗಿದ್ದ. ಅಮ್ಮ ಗೇಟ್ ಹತ್ರನೇ ಇದ್ಲು, ತಾನೇ ನಡ್ಕೊಂಡ್ ಬಂದಿದ್ಲು. ರೂಮಿಗೆ ಬಂದು ನೆಲದ ಮೇಲೇ ಕೂತು ಎರಡು ಮುದ್ದೆ ತಿಂದ. ದಿನಾ ಸಾವಿರಾರು ಜನಕ್ಕೆ ಅಡುಗೆ ಮಾಡೋ ಕೈ ಅದು, ಸಾರಲ್ಲಿ ಅದ್ದೋವಾಗ ನಡುಗ್ತಿತ್ತು. ಯಾರೂ ಏನೂ ಮಾತಾಡ್ಲಿಲ್ಲ.

ಮಧ್ಯದ ವಾರ ಊರು ನೋಡಿದ್ವಿ. ಸಾನ್ ಲೊರೆನ್ಸೋ ಚರ್ಚಲ್ಲಿ 1941ರ ಫೆಬ್ರವರಿ 9ಕ್ಕೆ ಬಿದ್ದು ಸಿಡೀದೇ ಉಳಿದ ಇಂಗ್ಲಿಷರ ಶೆಲ್ ಇಟ್ಟಿದಾರೆ, ಅಮ್ಮ ಅದ್ರ ಮುಂದೆ ಕೈ ಮುಗಿದ್ಲು. ತಿನ್ನೋಕೆ ಫರಿನಾತಾ ಅಂತ ಸಿಗುತ್ತೆ, ಕಡ್ಲೆಹಿಟ್ಟು ನೀರು ಎಣ್ಣೆ ಉಪ್ಪು ಅಷ್ಟೇ, ದೊಡ್ಡ ತಾಮ್ರದ ತಟ್ಟೇಲಿ ಹುಯ್ದು ಸೌದೆ ಒಲೇಲಿ ಬೇಯಿಸ್ತಾರೆ, ಮೊಟ್ಟೆ ಗಿಟ್ಟೆ ಏನಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿಗೆ ಕಾದು ನಿಂತಂಗೆ ಜನ ಕಾದು ನಿಂತಿರ್ತಾರೆ. ಅಪ್ಪ ದಿನಾ ತಿಂದ್ರು. ಪೆಸ್ತೋ ಅನ್ನೋ ಅಲ್ಲಿನ ಹಸಿರು ಚಟ್ನಿಗೆ ಹಾಕೋ ಪಾರ್ಮಿಜಾನೋ ಚೀಸಲ್ಲಿ ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ತೆಗೆದ ರೆನ್ನೆಟ್ ಇರುತ್ತೆ, ಹಾಗಾಗಿ ಅದನ್ನ ಬಿಟ್ವಿ.

25ಕ್ಕೆ ಎರಡನೇ ಸಲ ಬಂದ. ಊಟ ಮಾಡಿ ಕೈ ತೊಳ್ದು ಕಿಟಕಿ ಹತ್ರ ಹೋದ. ಹಸಿರು ಮರದ ಬಾಗ್ಲು ಇರುತ್ತಲ್ಲ ಅಲ್ಲಿ ಕಿಟಕಿಗೆ, ಅದನ್ನ ಪೂರ್ತಿ ತೆರೆದ. ಕೆಳಗೆ ಅಂಗಳದಲ್ಲಿ ಯಾರೋ ಬಟ್ಟೆ ಒಣಗ್ಹಾಕಿದ್ರು, ಒಂದು ನಿಂಬೆ ಗಿಡ ಇತ್ತು ಕುಂಡದಲ್ಲಿ. "ಅಕ್ಕ, ನಮ್ ಕ್ಯಾಬಿನ್‌ಗೆ ಕಿಟಕಿ ಇಲ್ಲ ಗೊತ್ತಾ, ನೀರಿಗಿಂತ ಕೆಳಗಿರೋದು, ಬೆಳಗಾಯ್ತೋ ರಾತ್ರಿನೋ ಫೋನ್ ನೋಡಿದ್ರೇನೇ ಗೊತ್ತಾಗೋದು. ಕಿಟಕಿ ತೆಗೆದಿಟ್ಟು ಒಂದರ್ಧ ಗಂಟೆ ಮಲಗ್ಲಾ?" ಅಂದ. ನಂಗೆ ಇದು ಗೊತ್ತೇ ಇರ್ಲಿಲ್ಲ. ವರ್ಷಗಟ್ಲೆ ವಿಡಿಯೋ ಕಾಲ್ ಮಾಡಿದೀವಿ, ಅವ್ನ ಹಿಂದೆ ಯಾವಾಗ್ಲೂ ಬಿಳಿ ಗೋಡೆ ಇರ್ತಿತ್ತು, ಯಾಕೆ ಅಂತ ಒಂದ್ ದಿನ ಕೇಳಿರ್ಲಿಲ್ಲ.

ಮಲಗಿದ. ಅಮ್ಮ ಮಂಚದ ತುದೀಲಿ ಕೂತ್ಕೊಂಡು ಅವ್ನ ಕಾಲು ತೊಡೆ ಮೇಲಿಟ್ಕೊಂಡ್ಲು. ಬಿಸಿಲು ಒಂದ್ ಪಟ್ಟಿ ಅವ್ನ ಮುಖದ ಮೇಲೆ ಬಂತು, ನಾನು ಬಾಗ್ಲು ಸ್ವಲ್ಪ ಮುಚ್ಚೋಕೆ ಹೋದ್ರೆ ಅಮ್ಮ ಬೇಡ ಅಂತ ತಲೆ ಆಡಿಸಿದ್ಲು. ಅಪ್ಪ ವಾಚ್ ಬಿಚ್ಚಿ ಟೇಬಲ್ ಮೇಲಿಟ್ಕೊಂಡು ಅದನ್ನೇ ನೋಡ್ತಿದ್ರು. ಮೂರೂವರೆ ಆಯ್ತು, ಎಬ್ಬಿಸ್ಲಾ ಅಂದೆ. "ಕೆಳಗೆ ಹೋಗೋವಾಗ ಇಳಿಜಾರು, ಅವ್ನ ಕಾಲಿಗೆ ಒಂಬತ್ತೇ ನಿಮಿಷ, ಇನ್ನೂ ಮಲಗ್ಲಿ" ಅಂದ್ರು ಅಪ್ಪ. ನಾಲ್ಕು ಗಂಟೆವರ್ಗೂ ಮಲಗಿದ್ದ.